ದಡಾರದ ರಕ್ತ ಪರೀಕ್ಷೆ: ದದ್ದು ಎದ್ದು ಎಷ್ಟು ದಿನ ಆಯ್ತು?

[ಪರದೆ ಮೇಲೆ: 'ದಡಾರ ಐಜಿಎಂ – ನೆಗೆಟಿವ್' ರಿಪೋರ್ಟ್]

ಭಾನುವಾರ ದದ್ದು, ಸೋಮವಾರ ರಕ್ತ, ರಿಪೋರ್ಟ್ ನೆಗೆಟಿವ್. ಇಷ್ಟಕ್ಕೇ ದಡಾರ ಅಲ್ಲ ಅಂತ ಹೇಳೋಕಾಗಲ್ಲ. ದದ್ದೆದ್ದ ಮೊದಲ 72 ಗಂಟೆಯಲ್ಲಿ ರಕ್ತ ತೆಗೆದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಐಜಿಎಂ, ಅಂದ್ರೆ ಹೊಸ ಸೋಂಕಿಗೆ ದೇಹ ಮೊದಲು ತಯಾರಿಸೋ ಪ್ರತಿಕಾಯ, ಇನ್ನೂ ಸಿಕ್ಕಿರಲ್ಲ. 4ರಿಂದ 28ನೇ ದಿನದೊಳಗಿನ ಸ್ಯಾಂಪಲ್ ಹೆಚ್ಚು ನಂಬಿಕಸ್ತ.

ಹಾಗಂತ ಕಾಯುತ್ತಾ ಕೂರಬೇಡಿ. ನಮ್ಮ ಕಡೆ 'ಅಮ್ಮ ಬಂದಾಳೆ' ಅಂತ ಬೇವಿನಸೊಪ್ಪು ಕಟ್ಟಿ ಮನೇಲೇ ಇಟ್ಟುಕೊಳ್ಳೋದೂ ಉಂಟು. ಅಂಥ ಮಗು ಇನ್ನೊಮ್ಮೆ ಆಸ್ಪತ್ರೆಗೆ ಬರುತ್ತೆ ಅಂತ ಗ್ಯಾರಂಟಿ ಇಲ್ಲ. ಬಂದ ದಿನವೇ ರಕ್ತ ತೆಗೆಯಿರಿ, ಜೊತೆಗೆ ವೈರಸ್ಸನ್ನೇ ಹುಡುಕೋ ಆರ್‌ಟಿ-ಪಿಸಿಆರ್‌ಗೆ ಗಂಟಲು ಸ್ವಾಬ್. ವೈರಸ್ ಮೊದಲ ದಿನಗಳಲ್ಲೇ ಚೆನ್ನಾಗಿ ಸಿಗೋದು.

[ದೃಶ್ಯ: ಕೆಂಪು ಮುಚ್ಚಳದ ಟ್ಯೂಬ್]

ಕೆಂಪು ಅಥವಾ ಹಳದಿ ಮುಚ್ಚಳದ ಟ್ಯೂಬಿಗೆ 2ರಿಂದ 5 ಎಂಎಲ್. ಅರ್ಧ ಗಂಟೆಯಿಂದ ಒಂದು ಗಂಟೆ ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ವೇಗವಾಗಿ ತಿರುಗಿಸಿ) ಸೀರಂ, ಅಂದ್ರೆ ಮೇಲಿನ ತಿಳಿ ದ್ರವ, ಬೇರ್ಪಡಿಸಿ. ಸೀರಂ ಬೇರ್ಪಡಿಸದ ರಕ್ತವನ್ನು ಫ್ರೀಜರಿಗೆ ಹಾಕಿದರೆ ಕಣಗಳು ಒಡೆದು ಸ್ಯಾಂಪಲ್ ಹಾಳು. ಜಗಳೂರು, ಚಳ್ಳಕೆರೆಯ ಬೇಸಿಗೆಯಲ್ಲಿ ಬಸ್ಸಲ್ಲಿ ಹಾಗೇ ಕಳಿಸಿದರೂ ಅದೇ ಕಥೆ. ಐಸ್‌ಪ್ಯಾಕ್ ಇಟ್ಟು 2ರಿಂದ 8 ಡಿಗ್ರಿಯಲ್ಲೇ ಸಾಗಿಸಿ. ಫಾರ್ಮಿನಲ್ಲಿ ದದ್ದೆದ್ದ ದಿನಾಂಕ, ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಹಾಕಿಸಿದ ದಿನಾಂಕ ಎರಡೂ ಇರಲೇಬೇಕು. ಇತ್ತೀಚೆಗೆ ಲಸಿಕೆ ಹಾಕಿಸಿದ್ದರೆ ಅದರಿಂದಲೂ ಐಜಿಎಂ ಪಾಸಿಟಿವ್ ಬರುತ್ತೆ. ರುಬೆಲ್ಲಾ, ಪಾರ್ವೋವೈರಸ್ ಕೂಡ ಕೆಲವೊಮ್ಮೆ ದಾರಿ ತಪ್ಪಿಸುತ್ತವೆ.

ಐಜಿಜಿ (ಬಹುಕಾಲ ಉಳಿಯೋ ಪ್ರತಿಕಾಯ) ಒಂದೇ ಸಲ ಮಾಡಿಸಿದರೆ ಉಪಯೋಗ ಕಮ್ಮಿ: ಹಳೇ ಸೋಂಕೋ, ಲಸಿಕೆಯೋ, ಎಳೇ ಕೂಸಾದರೆ ತಾಯಿಯಿಂದ ಬಂದದ್ದೋ ಗೊತ್ತಾಗಲ್ಲ. 10ರಿಂದ 14 ದಿನ ಬಿಟ್ಟು ಮತ್ತೆ ಮಾಡಿಸಿ, ನಾಲ್ಕು ಪಟ್ಟು ಏರಿದ್ದರೆ ಮಾತ್ರ ಅರ್ಥ.

[ಪರದೆ ಮೇಲೆ: ಸಿಬಿಸಿ – ರಕ್ತಕಣಗಳ ಎಣಿಕೆ]

ಬಿಳಿ ರಕ್ತಕಣ, ಅದರಲ್ಲೂ ಲಿಂಫೋಸೈಟ್ ಇಳಿದಿರೋದು ದಡಾರದಲ್ಲಿ ಸಾಮಾನ್ಯ. ನ್ಯೂಟ್ರೋಫಿಲ್ (ಇನ್ನೊಂದು ಬಗೆಯ ಬಿಳಿ ರಕ್ತಕಣ), ಸಿಆರ್‌ಪಿ (ಉರಿಯೂತ ತೋರಿಸೋ ಪ್ರೋಟೀನ್) ಏರುತ್ತಿದ್ದರೆ ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು, ಎದೆ ನೋಡಿ. ಉಸಿರು ಎಣಿಸೋದು ಇವೆಲ್ಲಕ್ಕಿಂತ ಬೇಗ ಹೇಳುತ್ತೆ: 2ರಿಂದ 11 ತಿಂಗಳಿಗೆ ನಿಮಿಷಕ್ಕೆ 50, 1ರಿಂದ 5 ವರ್ಷಕ್ಕೆ 40 ಮುಟ್ಟಿದರೆ ಅಪಾಯ.

ವಿಟಮಿನ್ ಎಗೆ ರಿಪೋರ್ಟ್ ಕಾಯಬೇಕಿಲ್ಲ. ವರ್ಷ ತುಂಬಿದವರಿಗೆ 2 ಲಕ್ಷ ಯೂನಿಟ್, 6ರಿಂದ 11 ತಿಂಗಳಿಗೆ 1 ಲಕ್ಷ, ಅದಕ್ಕೂ ಚಿಕ್ಕವರಿಗೆ 50,000. ವೈದ್ಯರ ಸಮ್ಮುಖದಲ್ಲಿ ಇವತ್ತೊಂದು ಡೋಸ್, ನಾಳೆ ಇನ್ನೊಂದು.