ಮೇಲೇರಿದ ಕೂಡಲೇ ಇಂಜಿನ್ ನಿಂತರೆ

ಕೇಳುಗರಿಗೆ ನಮಸ್ಕಾರ.

ಬೆಳಗಾವಿಯ ಪೂರ್ವಕ್ಕೆ, ವಿಮಾನ ನಿಲ್ದಾಣವಿರುವ ಸಾಂಬ್ರಾ ಸುತ್ತಲಿನ ಹೊಲಗಳಲ್ಲಿ ದುಡಿಯುವವರಿಗೆ ತರಬೇತಿ ವಿಮಾನಗಳ ಸದ್ದು ಈಗ ಹೊಸದಲ್ಲ. 2023ರ ಮೇ 30ರಂದು ಅಂಥ ಒಂದು ವಿಮಾನ ಹೊನ್ನಿಹಾಳದ ಬಳಿ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿ ಬಂದರು. ಅಂದಿನ ಕಾರಣಗಳನ್ನು ಕೆದಕುವುದು ನನ್ನ ಉದ್ದೇಶವಲ್ಲ. ಆದರೆ ಇಂಥ ಸುದ್ದಿ ಬಂದಾಗಲೆಲ್ಲ ‘ರನ್‌ವೇ ಹಿಂದೆಯೇ ಇರುವಾಗ ಹೊಲಕ್ಕೇಕೆ ಹೋಗಬೇಕು’ ಎಂದು ಜನ ಕೇಳುತ್ತಾರೆ. ಆ ಪ್ರಶ್ನೆ ಸಹಜವಾದದ್ದು, ಅದಕ್ಕೆ ಉತ್ತರ ಹೇಳಲೇಬೇಕು.

ಸೆಸ್ನಾ 172 ಎಂಬ ನಾಲ್ಕು ಆಸನದ ವಿಮಾನವನ್ನು ತೆಗೆದುಕೊಳ್ಳೋಣ. ಇಂಜಿನ್ ನಿಂತ ಮೇಲೂ ಅದು ಕಲ್ಲಿನಂತೆ ಬೀಳುವುದಿಲ್ಲ. ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದಕ್ಕೆ ತೇಲುತ್ತದೆ. ಹಾಗಾಗಿ 500 ಅಡಿ ಎತ್ತರವಿದ್ದರೆ ನೇರವಾಗಿ ಒಂದೂಕಾಲು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಹುದು. ಹಿಂದಿರುಗುವ ಲೆಕ್ಕವೇ ಬೇರೆ. ಆಗಿದ್ದನ್ನು ಮನಸ್ಸು ಒಪ್ಪಿಕೊಳ್ಳುವುದರಲ್ಲೇ ಮೂರು ನಾಲ್ಕು ಸೆಕೆಂಡು ಕಳೆಯುತ್ತದೆ, ಮೇಲ್ಮುಖವಾಗಿದ್ದ ವಿಮಾನದ ವೇಗ ಅಷ್ಟರಲ್ಲಿ ಕುಸಿಯುತ್ತದೆ. ಅರ್ಧ ಸುತ್ತು ಹೊರಳಿದರೆ ವಿಮಾನ ಬರುವುದು ರನ್‌ವೇಯ ಮೇಲಕ್ಕಲ್ಲ, ಅದರ ಪಕ್ಕಕ್ಕೆ. ಅಲ್ಲಿಂದ ಇನ್ನಷ್ಟು ಹೊರಳಿ, ಮತ್ತೆ ಎದುರು ದಿಕ್ಕಿಗೆ ತಿರುಗಿಸಿದರೆ ಮಾತ್ರ ರನ್‌ವೇಯ ಸಾಲು ಸಿಗುತ್ತದೆ. ರೆಕ್ಕೆಯನ್ನು 45 ಡಿಗ್ರಿ ವಾಲಿಸಿ ಎತ್ತರ ಹಿಡಿಯಲು ಎಳೆದರೆ ಸ್ಟಾಲ್ ಆಗುವ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದೆ ಸೋಲುವ ವೇಗವೇ ಸುಮಾರು ಶೇಕಡಾ 19ರಷ್ಟು ಏರುತ್ತದೆ. ನೆಲ ಮೇಲೆದ್ದು ಬರುತ್ತಿರುವುದನ್ನು ಕಂಡ ಕೈ ತಾನಾಗಿ ಮೂತಿಯನ್ನು ಎತ್ತಲು ಎಳೆಯುತ್ತದೆ, ಆಗ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಂಡು ವಿಮಾನ ಗಿರಕಿ ಹೊಡೆದು ಬೀಳುತ್ತದೆ. ಜೀವಗಳು ಹೋಗುವುದು ಹೆಚ್ಚಾಗಿ ಇಲ್ಲಿಯೇ.

ಬೆಳಗಾವಿಯಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕು. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಮೇ ತಿಂಗಳ 36 ಡಿಗ್ರಿ ಬಿಸಿಲಿನಲ್ಲಿ ಅಲ್ಲಿನ ಗಾಳಿ 5,500 ಅಡಿ ಎತ್ತರದ ಗಾಳಿಯಷ್ಟೇ ತೆಳುವಾಗುತ್ತದೆ. ಇಂಜಿನ್ನಿನ ಬಲ ಕುಗ್ಗಿ ವಿಮಾನ ನಿಧಾನವಾಗಿ ಏರುವುದರಿಂದ, ನೆಲದಿಂದ 500 ಅಡಿ ಮುಟ್ಟುವಷ್ಟರಲ್ಲಿ ರನ್‌ವೇ ಬಹಳ ಹಿಂದೆ ಉಳಿದಿರುತ್ತದೆ. ಗಾಳಿಗೆದುರಾಗಿ ಹಾರಿದವರು ಹಿಂದಿರುಗಿದರೆ ಅದೇ ಗಾಳಿ ಬೆನ್ನಿಗೆ ಬಂದು, ನೆಲ ಮುಟ್ಟುವ ವೇಗವನ್ನು ಹೆಚ್ಚಿಸುತ್ತದೆ. ವೇಗ ಇಮ್ಮಡಿಯಾದರೆ ಅಪ್ಪಳಿಸುವ ಶಕ್ತಿ ನಾಲ್ಕು ಪಟ್ಟು.

ಆದ್ದರಿಂದಲೇ ಒಳ್ಳೆಯ ಶಿಕ್ಷಕರು ರನ್‌ವೇಯ ಮೇಲೆ ನಿಂತಾಗಲೇ ವಿದ್ಯಾರ್ಥಿಯಿಂದ ಬಾಯಿಬಿಟ್ಟು ಹೇಳಿಸುತ್ತಾರೆ: ಇಂಜಿನ್ ನಿಂತರೆ ಮೊದಲು ಮೂತಿ ಕೆಳಗೆ, ಆಮೇಲೆ ನೇರ ಎದುರಿಗೆ ಅಥವಾ ಎಡಬಲಕ್ಕೆ ಸ್ವಲ್ಪ ಮಾತ್ರ. ಇದನ್ನು ಬರೀ ಶಾಸ್ತ್ರಕ್ಕೆ ಗೊಣಗಿ ಮುಗಿಸುವುದನ್ನು ನಾನು ಒಪ್ಪಲಾರೆ. ಮುಂದಿರುವುದು ಸೋಯಾಬೀನ್ ಹೊಲವೋ, ಆಳೆತ್ತರದ ಕಬ್ಬೋ, ವಿದ್ಯುತ್ ತಂತಿ ಎಲ್ಲಿ ಹಾದಿದೆ, ನೇಗಿಲ ಸಾಲು ಯಾವ ದಿಕ್ಕಿಗಿದೆ ಎಂಬುದು ಆ ತಿಂಗಳು ಆ ದಾರಿಯಲ್ಲಿ ಹಾರುವವನಿಗೆ ಗೊತ್ತಿರಬೇಕು. ಸಾಲಿನ ಗುಂಟ ಇಳಿದ ವಿಮಾನ ಮಗುಚುವ ಸಾಧ್ಯತೆ ಕಡಿಮೆ. ರೆಕ್ಕೆ ಮುರಿದರೂ ಚಿಂತೆಯಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಿ, ಕೆಲವು ಮೀಟರ್ ಜಾರಿ ನಿಂತರೆ ಆಸನದ ಪಟ್ಟಿ ಕಟ್ಟಿಕೊಂಡವರು ಬದುಕುತ್ತಾರೆ.

ಹೊಲದ ರೈತರಲ್ಲಿ ಒಂದು ವಿನಂತಿ. ಹೀಗೆ ಇಳಿದ ವಿಮಾನದ ರೆಕ್ಕೆಗಳಲ್ಲೇ ಪೆಟ್ರೋಲ್ ಇರುತ್ತದೆ. ಬೀಡಿ ಆರಿಸಿ, ಪ್ರೊಪೆಲರ್ ಬಳಿ ಸುಳಿಯದೆ ಬಾಗಿಲಿನ ಕಡೆಯಿಂದ ಹೋಗಿ ಒಳಗಿದ್ದವರನ್ನು ದೂರ ಕರೆತನ್ನಿ, ಆಮೇಲೆ 112ಕ್ಕೆ ಕರೆ ಮಾಡಿ.

ನಮಸ್ಕಾರ.