ಆಕಾಶ ನಮ್ಮದು, ವಿಮಾನ ಯಾರದು? ಸ್ವಿಸ್ ಜನರಿಗೆ ಕೇಳದೇ ಹೋದ ಪ್ರಶ್ನೆ

ನಮಸ್ಕಾರ ಎಲ್ಲರಿಗೂ.

2014ರ ಮೇ 18, ಭಾನುವಾರ. ಸ್ವಿಟ್ಜರ್ಲೆಂಡಿನಲ್ಲಿ ಮತದಾನ. ಅದು ಚುನಾವಣೆ ಅಲ್ಲ. ಅವತ್ತು ಜನರ ಮುಂದಿದ್ದ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ಸ್ವೀಡನ್ ದೇಶದಿಂದ 22 ಗ್ರಿಪೆನ್ ಯುದ್ಧ ವಿಮಾನ ಕೊಳ್ಳಲು ಸುಮಾರು 310 ಕೋಟಿ ಫ್ರಾಂಕ್ ಕೊಡಬೇಕೋ, ಬೇಡವೋ?

ಶೇಕಡಾ 53.4ರಷ್ಟು ಜನ ಬೇಡ ಅಂದರು. ಸರ್ಕಾರ ವಿಮಾನ ಆರಿಸಿತ್ತು, ಸಂಸತ್ತು ಒಪ್ಪಿತ್ತು, ವಾಯುಪಡೆ ಕಾಯುತ್ತಿತ್ತು. ಜನ ಬೇಡ ಅಂದ ಮೇಲೆ ಮುಗಿಯಿತು. ಗ್ರಿಪೆನ್ ಬರಲೇ ಇಲ್ಲ.

ಯುದ್ಧ ವಿಮಾನದ ಬಗ್ಗೆ ಜನರ ಅಭಿಪ್ರಾಯ ಕೇಳುವುದು ಹುಚ್ಚಾಟ, ಅದು ಪರಿಣತರ ಕೆಲಸ ಅಂತ ಹೇಳುವವರು ತುಂಬಾ ಜನ ಇದ್ದಾರೆ. ನಾನು ಒಪ್ಪುವುದಿಲ್ಲ. ಸ್ವಿಟ್ಜರ್ಲೆಂಡಿನಂಥ ತಟಸ್ಥ ದೇಶಕ್ಕೆ ಅದು ಬೇಕೇ ಬೇಕಾದ ಪದ್ಧತಿ. ಆ ದೇಶ ಈಗ ಅಮೆರಿಕದ ಎಫ್-35 ಯುದ್ಧ ವಿಮಾನದ ಖರೀದಿ ವಿಷಯದಲ್ಲಿ ಒದ್ದಾಡುತ್ತಿರುವುದು ಆ ಪದ್ಧತಿಯನ್ನು ಅರ್ಧಕ್ಕೆ ಬಿಟ್ಟಿದ್ದರಿಂದ. ಇವತ್ತು ಹೇಳಬೇಕು ಅಂದುಕೊಂಡಿರುವುದು ಇದನ್ನೇ.

ಮೊದಲು ಒಂದು ವಿಷಯ. ತಟಸ್ಥ ದೇಶಕ್ಕೆ ವಾಯುಪಡೆ ಯಾಕೆ? ಯಾರ ಜೊತೆಗೂ ಯುದ್ಧಕ್ಕೆ ಹೋಗುವುದಿಲ್ಲ, ನೇಟೋ ಸದಸ್ಯ ಅಲ್ಲ, ಸುತ್ತಲೂ ಸ್ನೇಹಿತರು. ಆದರೆ ತಟಸ್ಥರಾಗಿರುವುದು ಅಂದರೆ ಸುಮ್ನೆ ಕೂರುವುದಲ್ಲ. 1907ರ ಹೇಗ್ ಒಪ್ಪಂದದ ಪ್ರಕಾರ, ಯುದ್ಧ ಮಾಡುತ್ತಿರುವ ಯಾವ ದೇಶವೂ ತನ್ನ ನೆಲ ಬಳಸದ ಹಾಗೆ ನೋಡಿಕೊಳ್ಳುವುದು ತಟಸ್ಥ ದೇಶದ ಹೊಣೆ. ಆಕಾಶಕ್ಕೂ ಅದೇ ಮಾತು. 2003ರಲ್ಲಿ ಇರಾಕ್ ಯುದ್ಧ ಶುರುವಾದಾಗ ಅಮೆರಿಕದ ಸೇನಾ ವಿಮಾನಗಳು ನಮ್ಮ ಮೇಲೆ ಹಾರುವಂತಿಲ್ಲ ಅಂತ ಸ್ವಿಸ್ ಸರ್ಕಾರ ಹೇಳಿತು. ಹಾಗೆ ಹೇಳಬೇಕಾದರೆ ಕಾಯುವುದಕ್ಕೆ ಏನಾದರೂ ಇರಬೇಕು ಅಲ್ವಾ? ಆಗ ಕಾಯುತ್ತಿದ್ದದ್ದು ಎಫ್/ಎ-18 ಹಾರ್ನೆಟ್‌ಗಳು. ಅವನ್ನು ಮಾರಿದ್ದು ಅಮೆರಿಕವೇ.

ಇಡೀ ವಿಷಯದ ಗಂಟು ಇಲ್ಲಿದೆ. ತಟಸ್ಥ ದೇಶ ತನ್ನ ವಿಮಾನವನ್ನು ತಟಸ್ಥ ಅಲ್ಲದವರ ಹತ್ತಿರವೇ ಕೊಳ್ಳಬೇಕಾಗುತ್ತದೆ. ಮಾರುವವರಿಗೆ ಅವರದೇ ಯುದ್ಧಗಳಿರುತ್ತವೆ, ಅವರದೇ ಲೆಕ್ಕಾಚಾರ ಇರುತ್ತದೆ.

ಇದು ಇವತ್ತಿನ ಕಥೆ ಅಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚೆ ಸ್ವಿಸ್ಸರು ಜರ್ಮನಿಯಿಂದ ಮೆಸ್ಸರ್‌ಸ್ಮಿಟ್ ಬಿಎಫ್ 109 ವಿಮಾನಗಳಿಗೆ ಆರ್ಡರ್ ಕೊಟ್ಟರು. ಒಟ್ಟು 90 ಬಂದವು. 1940ರ ಮೇ ಮತ್ತು ಜೂನ್‌ನಲ್ಲಿ ಹಿಟ್ಲರನ ಸೈನ್ಯ ಫ್ರಾನ್ಸಿಗೆ ನುಗ್ಗಿದಾಗ ಜರ್ಮನ್ ವಿಮಾನಗಳು ಪದೇ ಪದೇ ಸ್ವಿಸ್ ಗಡಿ ದಾಟಿದವು. ಸ್ವಿಸ್ ಪೈಲಟ್‌ಗಳು ಬಿಡಲಿಲ್ಲ. ಜರ್ಮನಿ ಮಾರಿದ ವಿಮಾನದಲ್ಲೇ ಕೂತು ಜರ್ಮನಿಯ 11 ವಿಮಾನಗಳನ್ನು ಹೊಡೆದುರುಳಿಸಿದರು. ಸ್ವಿಸ್ ಕಡೆಯೂ ಸಾವುಗಳಾದವು. ಹಿಟ್ಲರನ ವಾಯುಪಡೆ ಮುಖ್ಯಸ್ಥ ಗೋರಿಂಗ್ ಸಿಟ್ಟಿನಿಂದ ವಿಮಾನ ನೆಲೆಗಳನ್ನು ಸ್ಫೋಟಿಸಲು ಆಳುಗಳನ್ನು ಕಳಿಸಿದ. ಅವರು ಸಿಕ್ಕಿಬಿದ್ದರು. ಆದರೆ ಒತ್ತಡ ಎಷ್ಟಿತ್ತೆಂದರೆ, ಜೂನ್ ಮುಗಿಯುವುದರೊಳಗೆ ಸೇನಾ ಮುಖ್ಯಸ್ಥ ಜನರಲ್ ಗಿಸಾನ್ ಆಕಾಶದ ಕಾಳಗ ನಿಲ್ಲಿಸಿ ಅಂತ ತಮ್ಮ ಪೈಲಟ್‌ಗಳಿಗೆ ಆದೇಶ ಕೊಡಬೇಕಾಯಿತು.

ನನಗೆ ಇದಕ್ಕಿಂತ ಜಾಸ್ತಿ ಕಾಡುವುದು 1944ರ ಘಟನೆ. ಏಪ್ರಿಲ್ 28ರ ರಾತ್ರಿ ಜರ್ಮನಿಯ ಬಿಎಫ್ 110 ರಾತ್ರಿ ಕಾಳಗದ ವಿಮಾನವೊಂದು ಜ್ಯೂರಿಕ್ ಪಕ್ಕದ ಡ್ಯೂಬೆಂಡಾರ್ಫ್ ನೆಲೆಯಲ್ಲಿ ಇಳಿಯಿತು. ಅದರಲ್ಲಿ ಜರ್ಮನಿಯ ಗುಟ್ಟಿನ ರೇಡಾರ್ ಇತ್ತು. ಅದು ಬ್ರಿಟಿಷರಿಗೆ ಸಿಕ್ಕಿಬಿಟ್ಟರೆ ಅಂತ ಜರ್ಮನಿಗೆ ಭಯ. ಕೊನೆಗೆ ಒಂದು ಒಪ್ಪಂದ ಆಯಿತು. ಸ್ವಿಸ್ಸರು ಆ ವಿಮಾನವನ್ನು ಸುಟ್ಟು ಹಾಕಬೇಕು. ಹಾಗೆ ಮಾಡಿದರೆ ಜರ್ಮನಿ 12 ಹೊಸ ಬಿಎಫ್ 109 ಜಿ ವಿಮಾನಗಳನ್ನು ಮಾರುತ್ತದೆ. ವಿಮಾನ ಸುಟ್ಟರು, ಹಣವನ್ನೂ ಕೊಟ್ಟರು. ಬಂದ 12 ವಿಮಾನಗಳ ಕೆಲಸ ಎಷ್ಟು ಕಳಪೆಯಾಗಿತ್ತೆಂದರೆ, ಯುದ್ಧ ಮುಗಿದ ಮೇಲೆ ಸ್ವಿಸ್ಸರು ಪರಿಹಾರ ಕೇಳಿದರು.

ಬೇರೆ ದಾರಿ ಇಲ್ಲದೆ ಮಾಡಿದ ವ್ಯಾಪಾರ ಅದು. ಸುತ್ತ ಎಲ್ಲ ಕಡೆ ಹಿಟ್ಲರನ ಸೈನ್ಯ ಇತ್ತು. ಅವರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಯುದ್ಧ ಮುಗಿದ ಮೇಲೆ ಅವರು ಕಲಿತ ಪಾಠ ಸ್ಪಷ್ಟವಾಗಿತ್ತು: ಸಾಧ್ಯವಾದರೆ ನಮ್ಮ ವಿಮಾನ ನಾವೇ ಮಾಡೋಣ.

ಮಾಡಿದರು ಕೂಡ. ಕಾನ್‌ಸ್ಟನ್ಸ್ ಸರೋವರದ ದಡದ ಆಲ್ಟನ್‌ರೈನ್‌ನಲ್ಲಿ ಪಿ-16 ಅನ್ನುವ ಜೆಟ್ ತಯಾರಾಯಿತು. 1955ರಲ್ಲಿ ಹಾರಿತು. ಚಿಕ್ಕ ರನ್‌ವೇ ಸಾಕು, ಬೆಟ್ಟದ ಕಣಿವೆಗಳಿಗೆ ಹೇಳಿ ಮಾಡಿಸಿದ ವಿಮಾನ. 1958ರಲ್ಲಿ ಸಂಸತ್ತು 100 ವಿಮಾನಗಳಿಗೆ ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಸಿಕ್ಕ ಸ್ವಲ್ಪ ದಿನಕ್ಕೇ ಒಂದು ವಿಮಾನ ಸರೋವರಕ್ಕೆ ಬಿತ್ತು. ಹಿಂದೆಯೂ ಒಂದು ಹಾಗೇ ಬಿದ್ದಿತ್ತು. ಸರ್ಕಾರ ಹೆದರಿ ಆರ್ಡರ್ ರದ್ದು ಮಾಡಿತು. ಆ ರೆಕ್ಕೆಯ ವಿನ್ಯಾಸ ಕಂಡು ಮೆಚ್ಚಿದ ಅಮೆರಿಕದ ಬಿಲ್ ಲಿಯರ್ ಅದರಿಂದ ಲಿಯರ್‌ಜೆಟ್ ಮಾಡಿದ. ಶ್ರೀಮಂತರ ಖಾಸಗಿ ಜೆಟ್ ಅಂದರೆ ಲಿಯರ್‌ಜೆಟ್ ಅನ್ನುವ ಹಾಗೆ ಆಯಿತು. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿದ ಮಾರುತ್ ವಿಮಾನದ ಕಥೆ ಗೊತ್ತಿದ್ದವರಿಗೆ ಈ ನೋವು ಅರ್ಥವಾಗುತ್ತದೆ. ತಕ್ಕ ಎಂಜಿನ್ ಸಿಗದೆ 147 ವಿಮಾನಕ್ಕೇ ನಿಂತಿತು ನಮ್ಮ ಮಾರುತ್. ಸ್ವಿಸ್ಸರದು ಅಷ್ಟೂ ದೂರ ಬರಲಿಲ್ಲ.

ಆಮೇಲೆ ಮತ್ತೆ ಹೊರಗಿನ ಮಾರುಕಟ್ಟೆ. 1961ರಲ್ಲಿ ಫ್ರಾನ್ಸಿನ 100 ಮಿರಾಜ್‌ಗಳಿಗೆ ಸಂಸತ್ತು 87 ಕೋಟಿ ಫ್ರಾಂಕ್ ಕೊಟ್ಟಿತು. ಅದಕ್ಕೆ ಅಮೆರಿಕದ ರೇಡಾರ್ ಬೇಕು, ಗುಹೆಯೊಳಗೆ ನಿಲ್ಲಿಸಲು ಮೂಗು ಮಡಚುವಂತಿರಬೇಕು, ಅದು ಬೇಕು, ಇದು ಬೇಕು ಅಂತ ಬದಲಾವಣೆಗಳ ಮೇಲೆ ಬದಲಾವಣೆ. 1964ರಲ್ಲಿ ಇನ್ನೂ 57 ಕೋಟಿಗಿಂತ ಹೆಚ್ಚು ಬೇಕು ಅಂತ ಸರ್ಕಾರ ಬಂದು ನಿಂತಿತು. ಸಂಸತ್ತು ಕೆರಳಿತು. ಆ ದೇಶದ ಇತಿಹಾಸದಲ್ಲೇ ಮೊದಲ ಸಂಸದೀಯ ತನಿಖಾ ಸಮಿತಿ ನೇಮಕವಾಯಿತು. 100 ವಿಮಾನ 57ಕ್ಕೆ ಇಳಿಯಿತು. ವಾಯುಪಡೆ ಮುಖ್ಯಸ್ಥರ ಕುರ್ಚಿ ಹೋಯಿತು. ರಕ್ಷಣಾ ಮಂತ್ರಿ ಪಾಲ್ ಶೋಡೆ 1966ರಲ್ಲಿ ಮನೆಗೆ ಹೋದರು. ಈ ಸಂಖ್ಯೆಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಈ ಹಗರಣದ ಬಿಸಿಯಲ್ಲಿ ಬೆಳೆದ ಸ್ವಿಸ್ ಜನ ಮುಂದೆ ಯುದ್ಧ ವಿಮಾನ ಅಂದ ಕೂಡಲೇ ಪೆನ್ನು ತೆಗೆದುಕೊಂಡರು. ಹಾರ್ನೆಟ್ ಖರೀದಿಗೆ ಹೊರಟಾಗ ಸೇನೆಯೇ ಬೇಡ ಅನ್ನುವ ಗುಂಪು, ವಿಷಯ ಮತದಾನಕ್ಕೆ ಬರಲಿ ಅಂತ ಸುಮಾರು ಒಂದು ತಿಂಗಳಲ್ಲಿ 5 ಲಕ್ಷ ಸಹಿ ಸಂಗ್ರಹಿಸಿತು. 1993ರ ಜೂನ್ 6ರಂದು ಮತದಾನ. ಶೇಕಡಾ 57ರಷ್ಟು ಜನ ವಿಮಾನ ಇರಲಿ ಅಂದರು. 34 ಹಾರ್ನೆಟ್ ಬಂದವು. ಆಮೇಲೆ ಯಾರೂ ಈ ವಿಮಾನ ನಮ್ಮ ಮೇಲೆ ಹೇರಿದ್ದು ಅನ್ನಲು ಆಗಲಿಲ್ಲ. ಜನರನ್ನು ಕೇಳಿದರೆ ಸಿಗುವ ದೊಡ್ಡ ಲಾಭ ಅದೇ.

ಇಂಥ ತೀರ್ಮಾನ ಜನರಿಗೆ ಕೊಟ್ಟರೆ ಹೀಗೇ ಆಗುತ್ತದೆ ಅನ್ನುವವರು ಯಾವಾಗಲೂ 2014ರ ಫೆಬ್ರವರಿ 17ರ ಘಟನೆ ಎತ್ತುತ್ತಾರೆ. ಆಡಿಸ್ ಅಬಾಬಾದಿಂದ ರೋಮ್‌ಗೆ ಹೊರಟ ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನವನ್ನು ಅದರ ಸಹ ಪೈಲಟ್ಟೇ ಅಪಹರಿಸಿ ಜಿನೀವಾಗೆ ತಂದ. 202 ಜನ ಒಳಗಿದ್ದರು. ಬೆಳಗಿನ ಜಾವ ಅದರ ಜೊತೆ ಹಾರಿ ಬಂದದ್ದು ಇಟಲಿ ಮತ್ತು ಫ್ರಾನ್ಸಿನ ಯುದ್ಧ ವಿಮಾನಗಳು. ಸ್ವಿಸ್ ವಿಮಾನ ಒಂದೂ ಇಲ್ಲ. ಯಾಕೆಂದರೆ ಆಗ ಅವರ ವಾಯುಪಡೆ ಮಾಮೂಲಿ ದಿನಗಳಲ್ಲಿ ಕಚೇರಿ ವೇಳೆಯಲ್ಲಿ ಮಾತ್ರ ಸಿದ್ಧವಾಗಿರುತ್ತಿತ್ತು. ಬೆಳಗ್ಗೆ 8ಕ್ಕೆ ಶುರು, ನಡುವೆ ಊಟದ ಬಿಡುವು, ಸಂಜೆ 5ಕ್ಕೆ ಮುಗಿಯಿತು. ಪ್ರಪಂಚವೇ ನಕ್ಕಿತು.

ನನಗೆ ನಗು ಬರಲಿಲ್ಲ. ಆ ತಪ್ಪು ಮತದಾರರದ್ದೂ ಅಲ್ಲ. 24 ಗಂಟೆ ಕಾವಲು ಬೇಕು ಅನ್ನುವ ಬೇಡಿಕೆ 2009ರಲ್ಲೇ ಸಂಸತ್ತಿಗೆ ಬಂದಿತ್ತು. ಸಿಬ್ಬಂದಿ ಇಲ್ಲ, ದುಡ್ಡಿಲ್ಲ ಅಂತ ನಿಧಾನ ಮಾಡಿದ್ದು ಆಡಳಿತ. ಆಮೇಲೆ ಹಂತ ಹಂತವಾಗಿ ವೇಳೆ ಹೆಚ್ಚಿಸಿದರು. 2020ರ ಕೊನೆಯಿಂದ ಪಯೆರ್ನ್ ನೆಲೆಯಲ್ಲಿ ಶಸ್ತ್ರ ತುಂಬಿದ ಎರಡು ಹಾರ್ನೆಟ್‌ಗಳು ಹಗಲೂ ರಾತ್ರಿ ನಿಂತಿರುತ್ತವೆ. 15 ನಿಮಿಷದಲ್ಲಿ ಆಕಾಶಕ್ಕೆ ಏರಬೇಕು. ಕರ್ನಾಟಕದ ಕಾಲು ಭಾಗವೂ ಇಲ್ಲದ ದೇಶಕ್ಕೆ 15 ನಿಮಿಷ ಕೂಡ ಜಾಸ್ತಿಯೇ. ಒಂದು ಜೆಟ್ ಅಷ್ಟರಲ್ಲಿ ಆ ದೇಶದ ಬಹುಪಾಲು ದಾಟಿಬಿಡುತ್ತದೆ. ಆದರೂ ಕಾವಲು ಈಗ ನಿಜವಾದ ಕಾವಲು.

ಈಗ ಎಫ್-35ಕ್ಕೆ ಬರೋಣ. ಗ್ರಿಪೆನ್ ಸೋತ ಮೇಲೆ ಸರ್ಕಾರ ಒಂದು ಜಾಣ ದಾರಿ ಹಿಡಿಯಿತು. ಜಾಣತನ ಅಂತ ಅವರಿಗೆ ಅನ್ನಿಸಿರಬೇಕು. ನನಗೆ ಅದು ಮೂಲ ತಪ್ಪು ಅನ್ನಿಸುತ್ತದೆ. ಈ ಸಲ ಯಾವ ವಿಮಾನ ಅಂತ ಜನರ ಮುಂದೆ ಇಡುವುದು ಬೇಡ, ದುಡ್ಡಿಗೆ ಮಾತ್ರ ಒಪ್ಪಿಗೆ ಕೇಳೋಣ ಅಂತ ನಿರ್ಧಾರವಾಯಿತು. 2020ರ ಸೆಪ್ಟೆಂಬರ್ 27ರಂದು 600 ಕೋಟಿ ಫ್ರಾಂಕ್‌ಗೆ ಮತದಾನ ನಡೆಯಿತು. ಶೇಕಡಾ 50.1 ಹೌದು. ಸುಮಾರು 32 ಲಕ್ಷ ಮತಗಳಲ್ಲಿ ವ್ಯತ್ಯಾಸ 9,000ಕ್ಕಿಂತ ಕಡಿಮೆ. ಆಗ ಕಣದಲ್ಲಿ ನಾಲ್ಕು ವಿಮಾನಗಳಿದ್ದವು: ಯೂರೋಪಿನ ಯೂರೋಫೈಟರ್, ಫ್ರಾನ್ಸಿನ ರಫೇಲ್, ಅಮೆರಿಕದ ಸೂಪರ್ ಹಾರ್ನೆಟ್ ಮತ್ತು ಎಫ್-35. ಯಾರಿಂದ ಕೊಳ್ಳುತ್ತೇವೆ ಅಂತ ಹೇಳದೆ ಖಾಲಿ ಚೆಕ್‌ಗೆ ಸಹಿ ಕೇಳಿದ ಹಾಗೆ ಅದು. ಅದೂ ಇಷ್ಟು ಕೂದಲೆಳೆಯಲ್ಲಿ ಪಾಸಾಯಿತು. 2021ರ ಜೂನ್ 30ರಂದು ಸರ್ಕಾರ 36 ಎಫ್-35 ಆರಿಸಿತು.

ವಿಮಾನ ಚೆನ್ನಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಅವರ ಪರೀಕ್ಷೆಯಲ್ಲಿ ಅದಕ್ಕೇ ಹೆಚ್ಚು ಅಂಕ ಬಂತು. ನನ್ನ ತಕರಾರು ಮುಂದಿನದ್ದಕ್ಕೆ. ಎಫ್-35 ಬೇಡ ಅನ್ನುವವರು 1 ಲಕ್ಷಕ್ಕೂ ಹೆಚ್ಚು ಸಹಿ ಸೇರಿಸಿ 2022ರ ಆಗಸ್ಟ್‌ನಲ್ಲಿ ಸಲ್ಲಿಸಿದರು. ಅಲ್ಲಿನ ಸಂವಿಧಾನದ ಪ್ರಕಾರ ಅಷ್ಟು ಸಹಿ ಇದ್ದರೆ ವಿಷಯ ಮತದಾನಕ್ಕೆ ಹೋಗಬೇಕು. ಸರ್ಕಾರ ಕಾಯಲಿಲ್ಲ. ಸೆಪ್ಟೆಂಬರ್ 19ರಂದು ಖರೀದಿ ಒಪ್ಪಂದಕ್ಕೆ ಸಹಿ ಬಿತ್ತು. ಇನ್ನು ಮತ ಹಾಕಿ ಏನು ಪ್ರಯೋಜನ ಅಂತ ಸಹಿ ಸೇರಿಸಿದವರೇ ಅರ್ಜಿ ವಾಪಸ್ ತೆಗೆದುಕೊಂಡರು.

ಸರ್ಕಾರದ ವಾದಕ್ಕೂ ತೂಕ ಇದೆ. ಅಮೆರಿಕ ಕೊಟ್ಟ ಬೆಲೆ 2023ರ ಮಾರ್ಚ್ ಕೊನೆಯವರೆಗೆ ಮಾತ್ರ. ರಷ್ಯಾ ಉಕ್ರೇನ್ ಮೇಲೆ ಬಿದ್ದ ಮೇಲೆ ಜರ್ಮನಿ ಕೂಡ ಎಫ್-35 ಸಾಲಿಗೆ ಬಂದು ನಿಂತಿತ್ತು. ಕಾದರೆ ಬೆಲೆ ಏರುತ್ತದೆ, ಸರದಿ ಹಿಂದೆ ಹೋಗುತ್ತದೆ ಅಂದರು.

ಆದರೆ ಏನಾಯಿತು ನೋಡಿ. ಬೆಲೆ ನಿಗದಿಯಾಗಿದೆ, ಏರುವುದಿಲ್ಲ ಅಂತ ವರ್ಷಗಟ್ಟಲೆ ಜನರಿಗೆ ಹೇಳಿದರು. ಆ ಮಾತಿಗೆ ಕಾನೂನಿನ ಗಟ್ಟಿ ಆಧಾರ ಇಲ್ಲ ಅಂತ ಅವರದೇ ಲೆಕ್ಕ ತಪಾಸಣಾ ಕಚೇರಿ 2022ರಲ್ಲೇ ಎಚ್ಚರಿಸಿತ್ತು. 2025ರ ಜೂನ್‌ನಲ್ಲಿ ಸರ್ಕಾರ ಬಾಯಿ ಬಿಟ್ಟಿತು. ನಿಗದಿ ಬೆಲೆ ಅನ್ನುವುದು ತಪ್ಪು ತಿಳುವಳಿಕೆ ಅಂತ ಅಮೆರಿಕ ಹೇಳುತ್ತಿದೆ, 65 ಕೋಟಿಯಿಂದ 130 ಕೋಟಿ ಫ್ರಾಂಕ್ ಜಾಸ್ತಿ ಬೇಕಾಗಬಹುದು ಅಂತ. ಮುಂದಿನ ತಿಂಗಳು ಇನ್ನೊಂದು ಸುದ್ದಿ: ಸ್ವಿಸ್ಸರು ಆರ್ಡರ್ ಕೊಟ್ಟಿದ್ದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ತಡವಾಗುತ್ತದೆ, ಉಕ್ರೇನ್‌ಗೆ ಮೊದಲು. ಆಗಸ್ಟ್‌ನಲ್ಲಿ ಅದೇ ಅಮೆರಿಕ ಸ್ವಿಸ್ ಸರಕುಗಳ ಮೇಲೆ ಶೇಕಡಾ 39 ಸುಂಕ ಹಾಕಿತು. ಸುಂಕ ಆಮೇಲೆ ಇಳಿಯಿತು ನಿಜ. ವಿಮಾನದ ವಿಷಯದಲ್ಲಿ ಮಾತ್ರ, 600 ಕೋಟಿಗೆ ಎಷ್ಟು ಬರುತ್ತೋ ಅಷ್ಟು ಕೊಳ್ಳೋಣ ಅನ್ನುವ ಸ್ಥಿತಿಗೆ ಸರ್ಕಾರ ಬಂದಿತು. ಮಿರಾಜ್ ಕಾಲದ 100 ಮತ್ತು 57 ನೆನಪಿದೆಯಾ?

ಮಾರಿದವರ ಹಿಡಿತ ಮಾರಿದ ಮೇಲೂ ಬಿಡುವುದಿಲ್ಲ ಅನ್ನುವುದು ಸ್ವಿಸ್ಸರಿಗೆ ಗೊತ್ತಿಲ್ಲದ ವಿಷಯವೂ ಅಲ್ಲ. 2022ರಲ್ಲಿ ಜರ್ಮನಿ ತನ್ನ ಗೆಪಾರ್ಡ್ ವಿಮಾನ ವಿರೋಧಿ ತೋಪುಗಳ ಜೊತೆ ಸ್ವಿಸ್ ಗುಂಡುಗಳನ್ನು ಉಕ್ರೇನ್‌ಗೆ ಕೊಡಲು ಅನುಮತಿ ಕೇಳಿತು. ನಾವು ತಟಸ್ಥರು, ಕೊಡುವಂತಿಲ್ಲ ಅಂದರು. ಎಷ್ಟೋ ವರ್ಷ ಹಿಂದೆ ದುಡ್ಡು ಕೊಟ್ಟು ಕೊಂಡ ಗುಂಡು ಅದು! ತಾವು ಮಾರುವಾಗ ಇಷ್ಟು ಬಿಗಿ ಇರುವವರು, ತಾವು ಕೊಳ್ಳುವಾಗ ಎದುರಿನವರೂ ಬಿಗಿ ಹಿಡಿಯುತ್ತಾರೆ ಅಂತ ಯೋಚಿಸಬೇಕಿತ್ತು.

ಜನರನ್ನು ಕೇಳಿದ್ದರೆ ಬೆಲೆ ಏರುತ್ತಿರಲಿಲ್ಲವಾ? ಏರಬಹುದಿತ್ತು. ಆದರೆ ಮತದಾನಕ್ಕೆ ಮುಂಚೆ ತಿಂಗಳುಗಟ್ಟಲೆ ಚರ್ಚೆ ನಡೆಯುತ್ತಿತ್ತು. ಲೆಕ್ಕ ತಪಾಸಕರ ಎಚ್ಚರಿಕೆ ಕಡತದಲ್ಲಿ ಮಲಗುವ ಬದಲು ಪ್ರತಿ ಮನೆಯ ಊಟದ ಮೇಜಿಗೆ ಬರುತ್ತಿತ್ತು. ಬೆಲೆ ನಿಗದಿ ಅಂತ ಎಲ್ಲಿ ಬರೆದಿದೆ, ತೋರಿಸಿ ಅಂತ ಯಾರೋ ಒಬ್ಬರು ಟಿವಿಯಲ್ಲಿ ಮಂತ್ರಿಯನ್ನು ಕೇಳೇ ಕೇಳುತ್ತಿದ್ದರು. ಅದೆಲ್ಲ ಆದ ಮೇಲೂ ಜನ ಹೌದು ಅಂದಿದ್ದರೆ, ಇವತ್ತು ಸರ್ಕಾರ ಇಷ್ಟು ಒಂಟಿಯಾಗಿ ನಿಲ್ಲಬೇಕಾಗಿರಲಿಲ್ಲ. 1993ರಲ್ಲಿ ಹಾರ್ನೆಟ್‌ಗೆ ಸಿಕ್ಕ ಬೆಂಬಲ ಇದಕ್ಕೂ ಇರುತ್ತಿತ್ತು.

ಒಂದು ವೇಳೆ ಬೇಡ ಅಂದಿದ್ದರೆ? ಬೇರೆ ಮೂರು ವಿಮಾನಗಳನ್ನು ಪರೀಕ್ಷೆ ಮಾಡಿಟ್ಟುಕೊಂಡಿದ್ದರು. ಹಾರ್ನೆಟ್‌ಗಳು ಸುಮಾರು 2030ರ ತನಕ ಹಾರಬಲ್ಲವು. ಕಷ್ಟ ಆಗುತ್ತಿತ್ತು, ಆಕಾಶ ಖಾಲಿ ಆಗುತ್ತಿರಲಿಲ್ಲ.

ನನ್ನ ಪ್ರಕಾರ ಈಗಲೂ ಮಾಡಬಹುದಾದ ಕೆಲಸ ಒಂದಿದೆ. 600 ಕೋಟಿಯ ಆಚೆಗೆ ಎಫ್-35ಕ್ಕಾಗಿ ಒಂದು ಫ್ರಾಂಕ್ ಬೇಕಿದ್ದರೂ ಅದು ಮತದಾನಕ್ಕೆ ಬರಲಿ. ವಿಮಾನದ ಹೆಸರು, ಮಾರುವ ದೇಶದ ಹೆಸರು, ಎಷ್ಟು ವಿಮಾನ ಅನ್ನುವ ಸಂಖ್ಯೆ ಮೂರನ್ನೂ ಮತಪತ್ರದ ಜೊತೆ ಮನೆಗೆ ಬರುವ ಆ ಪುಟ್ಟ ಪುಸ್ತಕದಲ್ಲಿ ಮುದ್ರಿಸಿ ಕಳಿಸಲಿ. 2014ರಲ್ಲಿ ಹಾಗೇ ಮಾಡಿದ್ದರು. ಸರ್ಕಾರ ಸೋತಿತು, ನಿಜ. ಆದರೆ ಅವತ್ತು ಸ್ವಿಸ್ ಜನರಿಗೆ ತಾವು ಏನಕ್ಕೆ ಮತ ಹಾಕುತ್ತಿದ್ದೇವೆ ಅಂತ ಗೊತ್ತಿತ್ತು.