ರಕ್ತನಾಳ ತೆರೆಯಿತು, ಚರ್ಮಕ್ಕೆ ಆಮ್ಲಜನಕ ತಲುಪಿತೇ?

ಹಿರಿಯರೇ, ವೈದ್ಯಮಿತ್ರರೇ,

ವಿಶ್ವ ಮಧುಮೇಹ ದಿನದಂದು ಮಡಿಕೇರಿಯಲ್ಲಿ ಸಕ್ಕರೆಯ ಬಗ್ಗೆ ಮಾತನಾಡುವವರಿಗೆ ಬರವಿಲ್ಲ. ನಾನು ಪಾದದ ಬಗ್ಗೆ ಹೇಳುತ್ತೇನೆ. ಸಕ್ಕರೆ ಕಾಯಿಲೆಯವರ ಕಾಲಿನ ರಕ್ತನಾಳ ಕಟ್ಟಿಕೊಂಡು ಪಾದದ ಹುಣ್ಣು ಮಾಯದಿದ್ದಾಗ ಬಲೂನು ಹಾಕಿ ತೆರೆಯುತ್ತೇವೆ (ಆಂಜಿಯೋಪ್ಲಾಸ್ಟಿ), ಇಲ್ಲವೇ ಬೈಪಾಸ್ ಮಾಡುತ್ತೇವೆ. ಪರದೆಯ ಮೇಲೆ ರಕ್ತ ಹರಿಯುವುದನ್ನು ಕಂಡು ನಮ್ಮ ಬೆನ್ನನ್ನು ನಾವೇ ತಟ್ಟಿಕೊಳ್ಳುತ್ತೇವೆ. ನನ್ನ ತಕರಾರು ಅಲ್ಲೇ. ಹುಣ್ಣು ಇರುವುದು ಪರದೆಯಲ್ಲಲ್ಲ, ಚರ್ಮದಲ್ಲಿ.

ಇದನ್ನು ನನಗಿಂತ ಚೆನ್ನಾಗಿ ಹೇಳಿದವರು ಒಬ್ಬ ಕಾಫಿ ಬೆಳೆಗಾರರು. ಹೆಬ್ಬೆರಳಿನ ಹುಣ್ಣು ಜಿಗಣೆ ಕಚ್ಚಿದ್ದೆಂದು ಮಳೆಗಾಲವಿಡೀ ಸುಣ್ಣ ಹಚ್ಚಿಕೊಂಡಿದ್ದರು. ಪಾದ ತಣ್ಣಗಿರುವುದು ಚಳಿಗಂತೆ. ‘ಚಳಿ ಒಂದೇ ಕಾಲಿಗೆ ಹಿಡಿಯುತ್ತದೆಯೇ?’ ಎಂದು ಹೆಂಡತಿ ಗದರಿದ ಮೇಲೆ ಆಸ್ಪತ್ರೆಗೆ ಬಂದರು. (ರೋಗ ಪತ್ತೆಹಚ್ಚಿದ ಕೀರ್ತಿ ಆ ಅಮ್ಮನದೇ.) ಆಂಜಿಯೋಪ್ಲಾಸ್ಟಿ ಆದ ಮೇಲೆ ಚಿತ್ರ ತೋರಿಸಿ, ‘ನೋಡಿ, ತೆರೆದಿದೆ’ ಎಂದೆ. ಅವರು, ‘ಡಾಕ್ಟರೇ, ಪಂಪ್ ಓಡುತ್ತಿದೆ, ಪೈಪೂ ತುಂಬಿದೆ. ಕೊನೆಯ ಸಾಲಿನ ಗಿಡಕ್ಕೆ ನೀರು ಬಂತೇ?’ ಎಂದರು. ಸ್ಪ್ರಿಂಕ್ಲರ್ ಹಾಕಿ ಹೂ ಅರಳಿಸುವವರಿಗೆ ಉತ್ತರ ಹೇಳುವುದು ಸುಲಭವಲ್ಲ.

ಆದರೆ ಉತ್ತರ ಕೊಡುವ ಪರೀಕ್ಷೆ ಇದೆ, ಹೆಸರು TcPO2. ಪಾದದ ಮೇಲೆ ಪುಟ್ಟ ಸಂವೇದಕ ಅಂಟಿಸಿ, ಅದನ್ನು 44 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಿಸಿ ಮಾಡುತ್ತೇವೆ. ಕೆಳಗಿನ ಕಿರುನಾಳಗಳು ಹಿಗ್ಗುತ್ತವೆ, ಚರ್ಮದ ಮೂಲಕ ಹೊರಬರುವ ಆಮ್ಲಜನಕದ ಒತ್ತಡವನ್ನು ಯಂತ್ರ ಅಳೆಯುತ್ತದೆ. ಸೂಜಿ ಇಲ್ಲ. 15–20 ನಿಮಿಷ ಅಲ್ಲಾಡದೆ ಮಲಗಬೇಕು, ಅಷ್ಟೆ. ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಕ್ಲಿಪ್ ಇದಲ್ಲ. ಅದು ಹಿಮೋಗ್ಲೋಬಿನ್ ಹೊತ್ತಿರುವ ಆಮ್ಲಜನಕದ ಲೆಕ್ಕ ಹೇಳುತ್ತದೆ, ಚರ್ಮಕ್ಕೆ ಇಳಿದದ್ದರ ಲೆಕ್ಕವನ್ನಲ್ಲ. ಆರೋಗ್ಯವಂತರ ಪಾದದಲ್ಲಿ ಈ ಒತ್ತಡ ಸಾಮಾನ್ಯವಾಗಿ 50 ಮಿಲಿಮೀಟರ್ ಪಾದರಸಕ್ಕಿಂತ ಹೆಚ್ಚಿರುತ್ತದೆ. 30ಕ್ಕಿಂತ ಕೆಳಗಿಳಿದರೆ ಹುಣ್ಣು ತಾನಾಗಿ ಮಾಯುವುದು ಕಷ್ಟ. 40 ದಾಟಿದರೆ ಭರವಸೆ ಇದೆ.

ಕಾಲಿನ ಬಿಪಿ ನೋಡಿದರೆ ಸಾಲದೇ ಎಂದು ವೈದ್ಯರೇ ಕೇಳುತ್ತಾರೆ. ಸಕ್ಕರೆ ಕಾಯಿಲೆಯ ಅನೇಕರಲ್ಲಿ ನಾಳದ ಗೋಡೆಗೆ ಸುಣ್ಣ (ಕ್ಯಾಲ್ಸಿಯಂ) ಕಟ್ಟಿ ಗಡುಸಾಗಿರುತ್ತದೆ. ಪಟ್ಟಿ ಎಷ್ಟು ಬಿಗಿದರೂ ನಾಳ ಚಪ್ಪಟೆಯಾಗುವುದಿಲ್ಲ, ಒತ್ತಡ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಮತ್ತೆ ಹೇಳುತ್ತೇನೆ, ಚರ್ಮವನ್ನೇ ಕೇಳಿ.

ಕೇಳಿ, ಆದರೆ ಮರುದಿನವೇ ತೀರ್ಪು ಕೊಡಬೇಡಿ. ಬಲೂನು ಹಾಕಿದ ಕೂಡಲೇ ಅಂಕಿ ಪೂರ್ತಿ ಏರುವುದಿಲ್ಲ, ಮೂರು ನಾಲ್ಕು ವಾರ ಹಿಡಿಯಬಹುದು. ಆ ಬೆಳೆಗಾರರ ಅಂಕಿ ಮೊದಲು ಹಠ ಹಿಡಿದು ಕೂತಿತ್ತು. ತಿಂಗಳ ಹೊತ್ತಿಗೆ 40 ದಾಟಿತು, ಬೆರಳು ಉಳಿಯಿತು.

ಸಂಘಟಕರು ಗಡಿಯಾರ ತೋರಿಸುತ್ತಿದ್ದಾರೆ. ಬಾವು, ಸೋಂಕು ಇದ್ದರೆ ಅಂಕಿ ತಗ್ಗುತ್ತದೆ, ಅದನ್ನು ವಿವರಿಸಲು ಈಗ ಸಮಯವಿಲ್ಲ. ಬೀಡಿಯ ಬಗ್ಗೆ ತಂದಿದ್ದ ಸ್ಲೈಡುಗಳ ಬದಲು ಒಂದೇ ಮಾತು: ಬಿಡಿ. ಹೊರಗೆ ನರ್ಸ್‌ಗಳು ಪಾದ ಪರೀಕ್ಷಿಸುತ್ತಿದ್ದಾರೆ. ಊಟದ ಸಾಲಿಗೆ ನಿಲ್ಲುವ ಮೊದಲು ಬೂಟು ಬಿಚ್ಚಿ ತೋರಿಸಿ, ಎರಡೂ ಕಾಲು.